ಗೋಣಿಚೀಲ ಮೂಸುತ್ತಿದ್ದವರು

ದೇವರ ಪಾಕಶಾಲೆಗೆ ಧಾನ್ಯ ಹೊತ್ತು ತಂದ ಎಲ್ಲರಿಗೂ ಮೊದಲು ನನ್ನ ನಮಸ್ಕಾರ.

ತೊಂಬತ್ತರ ದಶಕದಲ್ಲಿ ಹೊಳೆನರಸೀಪುರದ ನಮ್ಮ ದೇವಾಲಯದ ಅನ್ನಸಂತರ್ಪಣೆಯ ಉಸ್ತುವಾರಿ ನನ್ನದಾಗಿತ್ತು. ನಮಗೆ ಅಕ್ಕಿ ಬರುತ್ತಿದ್ದ ಗಿರಣಿಗೆ ಚೀಲ ಒದಗಿಸುತ್ತಿದ್ದವರು ಒಬ್ಬ ವೃದ್ಧರು. ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಖಾಲಿ ಗೋಣಿಚೀಲಗಳನ್ನು ಆಯ್ದು, ಒಳಮಗ್ಗುಲು ತಿರುವಿ, ಮುಖವನ್ನೇ ಹುದುಗಿಸಿ ಮೂಸಿ, ದಬ್ಬಳದಿಂದ ಹೊಲಿಯುತ್ತಿದ್ದರು. ನಮ್ಮಲ್ಲಿ ಬರಿದಾದ ಚೀಲಗಳು ಅವರ ಮೂಲಕವೇ ಅರಕಲಗೂಡಿನ ರೈತರಿಗೆ ಹೋಗುತ್ತಿದ್ದವು. “ಚೀಲಕ್ಕೆ ವಯಸ್ಸಾಗಕಿಲ್ಲ ಸಾಮಿ, ನಮ್ಗಾಯ್ತದೆ” ಎನ್ನುತ್ತಿದ್ದರು.

ಒಂದು ದ್ವಾದಶಿಯ ಬೆಳಿಗ್ಗೆ, ಉಪವಾಸವಿದ್ದ ಭಕ್ತರು ಪಾರಣೆಗೆ ಕುಳಿತಿದ್ದಾಗ, ಆ ವೃದ್ಧರು ಏದುಸಿರು ಬಿಡುತ್ತ ಬಂದರು.

“ಅಕ್ಕಿ ಒಲೆ ಮ್ಯಾಲೆ ಇಟ್ಬುಟ್ರಾ ಸಾಮಿ? ನೆಗಡಿಯಾಗಿ ಮೂಗು ಕಟ್ಟಿತ್ತು, ಮೂಸ್ದಂಗೇ ಕೊಟ್ಬುಟ್ಟೆ. ವಿಸದ್ ಔಸ್ದಿ ಆಕಿದ್ ಬಿತ್ನೆ ಗಡ್ಡೆ ಚೀಲ ಒಂದು ಸೇರ್ಕಂಡದೆ ಅಂತ ಈಗ ಗೊತ್ತಾಯ್ತು!”

“ಮೂಗು ಕಟ್ಟಿದ್ರೆ ಬಾಯೂ ಕಟ್ಟಿತ್ತೇನಯ್ಯಾ? ಮೂಸಿಲ್ಲ ಅಂತ ನಿನ್ನೆನೇ ಹೇಳ್ಬಾರ್ದಿತ್ತಾ!” ಎಂದು ಅಡುಗೆಭಟ್ಟರು ಗದರಿದರು.

ಅಕ್ಕಿಯೆಲ್ಲ ಒಂದೇ ಕೊಪ್ಪರಿಗೆಯಲ್ಲಿ ಬೆರೆತು ಕುದಿಯುತ್ತಿತ್ತು. ಯಾವ ಚೀಲದ ಅಕ್ಕಿ ಎಲ್ಲಿದೆಯೆಂದು ಹೇಳುವುದೆಂತು? ಎಲೆಯ ಮುಂದೆ ಕುಳಿತವರನ್ನು ಒಮ್ಮೆ ನೋಡಿದೆ. ಒಲೆ ಆರಿಸಲು ಹೇಳಿದೆ.

“ದನಕ್ಕೂ ಆಕ್ಬ್ಯಾಡಿ” ಎಂದು ಆ ವೃದ್ಧರೇ ಗುಂಡಿ ತೋಡಿದರು. ಹರಿದ ಗೋಣಿಯ ತುಂಡನ್ನೂ ಬಿಸುಡದವರು ಅನ್ನದೊಡನೆ ಆ ಚೀಲಗಳನ್ನೂ ಹೂತರು. ಪಾರಣೆ ಬಾಳೆಹಣ್ಣಿನಲ್ಲಿಯೇ ಮುಗಿಯಿತು. ಅವರಿಗೂ ಒಂದು ಹಣ್ಣು ಕೊಟ್ಟೆ.

“ಎಲ್ರೂ ಸಂದಾಕೆ ಮನೆ ಸೇರ್ಲಿ ಸಾಮಿ, ಆಮ್ಯಾಕೆ ತಿಂತೀನಿ” ಎಂದು, ಹೊರಡುವವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಾಗಿಲಲ್ಲೇ ನಿಂತರು.

ಅಂದು ಅರೆಹೊಟ್ಟೆಯಲ್ಲಿ ಎದ್ದವರಿಗೂ, ಗದರಿದ ಭಟ್ಟರಿಗೂ, ಓಡಿಬಂದ ಆ ವೃದ್ಧರಿಗೂ ಭಗವಂತನು ಶ್ರೇಯಸ್ಸನ್ನು ಕರುಣಿಸಲಿ.