ಎಮ್ಮಿಗನೂರವ್ವನ ತೊಟ್ಟಿಲ ಹೆಸರು

ಹಂಪಿಯಲ್ಲಿ ಸ್ಪ್ಯಾನಿಷ್ ಮಾತನಾಡುವ ಗೈಡ್‌ಗಳು ಕಡಿಮೆ. ಕಮಲಾಪುರದ ದುರ್ಗಾ ಅವರಲ್ಲೊಬ್ಬರು. ಬೇಸಿಗೆಯಲ್ಲಿ ಪ್ರವಾಸಿಗರು ಇರುವುದಿಲ್ಲ. ಕಲಿತ ಭಾಷೆ ನಾಲಿಗೆಯಿಂದ ಜಾರದಿರಲೆಂದು ಅವರು ಭಾನುವಾರ ಸಂಜೆ ಫೋನಿನಲ್ಲೇ ಒಂದು ಅಧ್ಯಯನ ಗುಂಪಿಗೆ ಸೇರುತ್ತಾರೆ. ಮೆಕ್ಸಿಕೊ, ಪೆರು, ಸ್ಪೇನ್‌ಗಳಲ್ಲಿ ಕುಳಿತು ತಂತಮ್ಮ ಮನೆತನದ ಬೇರು ಹುಡುಕುವವರ ಗುಂಪು ಅದು. ಹಿಂದೊಮ್ಮೆ ದುರ್ಗಾ ಜೊತೆ ಹಂಪಿ ಸುತ್ತಿದ್ದ ರೊಸಾರಿಯೊ ಎಂಬ ನಿವೃತ್ತ ಶಿಕ್ಷಕಿ ಅವರನ್ನು ಅದಕ್ಕೆ ಸೇರಿಸಿದ್ದರು. ಅಲ್ಲೊಂದು ರೂಢಿ: ವಾರಕ್ಕೊಬ್ಬರು ತಮ್ಮ ಹಿರಿಯರೊಬ್ಬರ ಕಥೆ ಹೇಳಬೇಕು, ಕೊನೆಗೆ ಎಲ್ಲರೂ ಸೇರಿ ಆ ಹೆಸರನ್ನು ಗಟ್ಟಿಯಾಗಿ ಕರೆಯಬೇಕು.

ತಮ್ಮ ಸರದಿಗೆ ದುರ್ಗಾ ತಂದೆಯ ತಾಯಿಯನ್ನು ಆರಿಸಿಕೊಂಡರು. ಕಾಲುವೆ ನೀರು, ಕಬ್ಬಿನ ಗದ್ದೆ, ಅಜ್ಜಿಯ ಸೊಂಟದ ಎಲೆಅಡಿಕೆ ಚೀಲ, ಮನೆಯಲ್ಲಿ ಕೇಳಿದ್ದನ್ನೆಲ್ಲ ಹೇಳಿದರು. ಹೆಸರು ಎಮ್ಮಿಗನೂರವ್ವ ಎಂದರು. ನಕಾಶೆ ನೋಡುತ್ತಿದ್ದ ರೊಸಾರಿಯೊ ಮೆಲ್ಲಗೆ ಕೇಳಿದರು:

"ಎಮ್ಮಿಗನೂರು ಊರಲ್ಲವೆ? ಅಜ್ಜಿಯ ಹೆಸರೇನು?"

ದುರ್ಗಾಗೆ ಗೊತ್ತಿರಲಿಲ್ಲ. ಸೊಸೆಯಾಗಿ ಬಂದವಳನ್ನು ತವರೂರು ಹಿಡಿದು ಕರೆಯುವ ಸೀಮೆ ಇದು. ಕರೆದು ಕರೆದು ನಿಜವಾದ ಹೆಸರು ಮರೆಗೆ ಬಿದ್ದಿತ್ತು. ಮುಂದಿನ ವಾರ ಹೇಳುವೆನೆಂದರು.

ಬಲ್ಲವರಲ್ಲಿ ಉಳಿದವರು ಸಂಡೂರಿನ ಸೋದರತ್ತೆ ತಿಪ್ಪಕ್ಕ ಮಾತ್ರ. ಅವರ ನೆನಪು ಈಚೆಗೆ ಅಲ್ಲಿನ ಗಣಿಗಳ ಅದಿರಿನ ಧೂಳಿನಂತೆ. ಕುಳಿತಿತು ಎನ್ನುವಷ್ಟರಲ್ಲಿ ಏಳುತ್ತದೆ. ಅದೂ ಹಾರಿಹೋದರೆ ಹೆಸರು ಯಾರಲ್ಲೂ ಇರುವುದಿಲ್ಲ. ಭಾನುವಾರ ದುರ್ಗಾ ಸಂಡೂರು ಬಸ್ಸು ಹತ್ತಿದರು.

"ಅತ್ತಿ, ನಿಮ್ಮವ್ವನ ಹೆಸರೇನಬೇ?"

"ಅವ್ವಗ ಯಾಕ ಹೆಸರು? ಅವ್ವ ಅಂದ್ರ ಅವ್ವ."

"ಊರ ಮಂದಿ ಏನಂತಿದ್ರು?"

"ಎಮ್ಮಿಗನೂರವ್ವ ಅಂತಿದ್ರು. ಅಷ್ಟೂ ಗೊತ್ತಿಲ್ಲ, ಗೈಡಂತ ಗೈಡು."

ಬಿಸಿಲು ಇಳಿಯಿತು. ಪಡಸಾಲೆಯ ಬಾಗಿಲಾಚೆ ಗುಡ್ಡಗಳು ಕೆಂಪಾಗಿ, ಆಮೇಲೆ ನೀಲಿಯಾಗಿ, ದೂರ ಸರಿದಂತೆ ಕಂಡವು. ದುರ್ಗಾಗೆ ಮನೆಯ ಹಳೆಯ ಮಾತೊಂದು ನೆನಪಾಯಿತು. ಅಜ್ಜಿ ತೀರಿದ ಮೇಲೆ ಹುಟ್ಟಿದ ತಮಗೆ ತೊಟ್ಟಿಲಲ್ಲಿ ಇಟ್ಟದ್ದು ಅಜ್ಜಿಯ ಹೆಸರನ್ನೇ. ಗಂಡನ ತಾಯಿಯ ಹೆಸರನ್ನು ಸೊಸೆಯಾಗಿ ಬಾಯಲ್ಲಿ ತೆಗೆಯಲಾರದ ತಾಯಿ ಕೂಸನ್ನು ದುರ್ಗಾ ಎಂದು ಕರೆದರು. ಶಾಲೆಯ ದಾಖಲೆಗೂ ಅದೇ ಹೋಯಿತು. ಅಂದು ಕೂಸಿನ ಕಿವಿಯಲ್ಲಿ ಹೆಸರು ಉಸುರಿದವರು ಇದೇ ತಿಪ್ಪಕ್ಕ.

ದುರ್ಗಾ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟರು. "ತೊಟ್ಟಿಲದಾಗ ನನ್ನ ಕಿವ್ಯಾಗ ಏನಂದಿದ್ದಿ ಅತ್ತಿ?"

ತಿಪ್ಪಕ್ಕ ಬಗ್ಗಿದರು. ಕಿವಿಗೆ ಬಾಯಿ ಹಚ್ಚಿ, ಹೆಸರಿಗೆ ಮುನ್ನ ಕೂಸಿಗೆ ಅನ್ನುವಂತೆ, "ಕುರ್ರ್" ಎಂದರು. ಅಲ್ಲಿಗೇ ನಿಂತರು.

"ಬೆನ್ನಿಗೆ ಗುದ್ದಬೇ. ಗುದ್ದಲಾರ್ದ ಹೆಂಗ ಹೇಳ್ಲಿ?"

ಹೆಸರಿಡುವಾಗ ಹೆಂಗಸರೆಲ್ಲ ಸೋದರತ್ತೆಯ ಬೆನ್ನಿಗೆ ಗುದ್ದುವುದು ಇಲ್ಲಿನ ವಾಡಿಕೆ. ದುರ್ಗಾ ಮಲಗಿದಲ್ಲೇ ಅತ್ತೆಯ ಸುತ್ತ ಕೈ ಬಳಸಿ ಆ ಸಣಕಲು ಬೆನ್ನಿಗೆ ಮೆತ್ತಗೆ ಗುದ್ದಿದರು.

"ಕೈಯಾಗ ಜೀವಿಲ್ಲೇನು?"

ಇನ್ನೊಂದು ಗುದ್ದು ಬಿತ್ತು.

"ಉಚ್ಚೆಂಗಮ್ಮ," ಎಂದರು ತಿಪ್ಪಕ್ಕ, ಎಲೆಅಡಿಕೆಯ ಬೆಚ್ಚನೆ ಉಸಿರಿನಲ್ಲಿ.

ಗುಂಪು ಸೇರುವ ಹೊತ್ತಿಗೆ ಅದೇ ಪಡಸಾಲೆಯಲ್ಲಿ ಫೋನು ಗೋಡೆಗೆ ಒರಗಿತ್ತು. ಕಡಲಾಚೆಯ ದನಿಗಳು ಒಂದೊಂದು ಬಗೆಯಲ್ಲಿ ಎಳೆದು, ಬಾಗಿಸಿ, ಉಚ್ಚೆಂಗಮ್ಮನನ್ನು ಕರೆದವು. ತಿಪ್ಪಕ್ಕ ತಲೆ ಎತ್ತಿದರು.

"ಯಾರವ್ರು?"

"ದೂರದ ಮಂದಿ ಅತ್ತಿ. ಅಜ್ಜೀನ ಕರಿಯಾಕತ್ತಾರ."

"ಆಕಿ ಎಲ್ಲಿಂದ ಬರ್ತಾಳ? ನಿನ್ನ ಕರಿಯಾಕತ್ತಾರ. ಓ ಅನ್ನಬೇ."

ದುರ್ಗಾ ಫೋನಿನತ್ತ ತಿರುಗಿ "ಓ" ಎಂದರು.