ಬೆವರದಂತೆ ನಡೆಯುವ ಊರು

ನನ್ನ ಬೆವರು ಹೆಪ್ಪುಗಟ್ಟಿದ್ದನ್ನು ನಾನು ಮೊದಲು ಕಿವಿಯಿಂದ ಕೇಳಿದೆ. ಲಡಾಖಿನ ಗಡಿಯಲ್ಲಿ ಗಸ್ತಿಗೆ ಹೊರಟ ನಮ್ಮ ಗಡಿ ಪೊಲೀಸ್ ತುಕಡಿ ಒಂದು ದಿಣ್ಣೆ ಹತ್ತಿ ದಣಿವಾರಿಸಿಕೊಳ್ಳುತ್ತಿತ್ತು. ನಾನು ಬೆನ್ನು ಬಾಗಿಸಿದೆ, ಜಾಕೆಟ್ಟಿನೊಳಗೆ ಹಪ್ಪಳ ಮುರಿದಂಥ ಸದ್ದು. ಮೈಗಂಟಿದ್ದ ಹತ್ತಿಯ ಬನಿಯನ್ ಒದ್ದೆಮುದ್ದೆಯಾಗಿತ್ತು. ಅದನ್ನು ದಾಟಿದ ಬೆವರು ಜಾಕೆಟ್ಟಿನ ಒಳಮೈಗೆ ತೆಳ್ಳನೆಯ ಮಂಜಾಗಿ ಅಂಟಿಕೊಂಡಿತ್ತು.

ಮೊದಲು ನಡುಕ ಬಂತು. ಆಮೇಲೆ ಅದೂ ನಿಂತು ಎಂಥದೋ ಸುಖ ಆವರಿಸಿತು. ಎದುರಿನ ಬೋಳುಗುಡ್ಡದ ಮೇಲೆ ಚಾಮುಂಡಿ ಬೆಟ್ಟದ ದೀಪಗಳು ಹತ್ತಿಕೊಂಡವು. ಯಾರೋ ಮಲ್ಲಿಗೆ ಹೂ ಕೂಗುತ್ತ ನಮ್ಮ ಬೀದಿಯಲ್ಲಿ ಹಾದುಹೋದರು. ಕಣ್ಣು ಮುಚ್ಚಿದರೆ ಸಾಕು, ಮೈಸೂರಿನ ನಮ್ಮ ಒಂಟಿಕೊಪ್ಪಲ್. ಅಷ್ಟರಲ್ಲಿ ಕೆನ್ನೆಗೆ ಏಟು ಬಿತ್ತು. ನನ್ನ ಜೊತೆಯ ಹಿರಿಯ ಕಾನ್‌ಸ್ಟೇಬಲ್ ಡೋಲ್ಮಾ, ಅಲ್ಲಿಯದೇ ಹಳ್ಳಿಯವಳು, "ಸೋನಾ ಮತ್!" ಎಂದು ಕೂಗುತ್ತಿದ್ದಳು. ನಿದ್ದೆ ಮಾಡಬೇಡ ಅಂತ. ಅವಳೂ ಇನ್ನೊಬ್ಬರೂ ಸೇರಿ ನನ್ನನ್ನು ಚೌಕಿಗೆ, ಅಂದರೆ ನಮ್ಮ ಗಡಿಠಾಣೆಗೆ, ಇಳಿಸಿಕೊಂಡು ಬಂದರು. ಆ ಚಳಿಗಾಲವಿಡೀ ನನಗೆ ದೂರದ ಗಸ್ತು ಇಲ್ಲವೆಂದು ಸಾಹೇಬರು ಹೇಳಿದರು. "ಮೊದಲು ಬಟ್ಟೆ ಸರಿಮಾಡಿಕೋ. ಮುಂದಿನ ವರ್ಷ ನೋಡೋಣ."

ನಮ್ಮ ಮೈಸೂರಿನಲ್ಲಿ ಚಳಿ ಅಂದರೆ ಧನುರ್ಮಾಸದ ಬೆಳಗ್ಗೆ ಒಂದು ಸ್ವೆಟರು, ಕಿವಿಗೊಂದು ಮಫ್ಲರು. ಹೆಚ್ಚು ಚಳಿಗೆ ಹೆಚ್ಚು ಬಟ್ಟೆ, ಅಷ್ಟೇ ಲೆಕ್ಕ. ಇಲ್ಲಿ ಹಾಗಲ್ಲ. ಇಲ್ಲಿ ಹೊರಗಿನ ಚಳಿಗಿಂತ ಒಳಗಿನ ಬೆವರಿಗೆ ಹೆದರಬೇಕು. "ಹೊರಡುವಾಗ ಒಂಚೂರು ಚಳಿ ಆಗುತ್ತಿರಬೇಕು. ಬೆಚ್ಚಗಿದ್ದೀಯ ಅಂದರೆ ಒಂದು ಬಟ್ಟೆ ಹೆಚ್ಚಾಗಿದೆ ಅಂತ ಅರ್ಥ, ಕಳಚು. ಕೂತಾಗ ಮತ್ತೆ ಹಾಕಿಕೋ," ಎಂದು ಡೋಲ್ಮಾ ಬುಖಾರಿಯ ಮುಂದೆ ಕೂರಿಸಿ ಹೇಳಿಕೊಟ್ಟಳು. ಬುಖಾರಿ ಎಂದರೆ ಕೊಳವೆ ಇರುವ ತಗಡಿನ ಒಲೆ. ಅಡುಗೆಯ ಒಲೆಯ ಸುತ್ತ ಸೇರುವಂತೆ ಅದರ ಸುತ್ತ ಸೇರಿ ಉಪ್ಪು ಹಾಕಿದ ಬೆಣ್ಣೆ ಚಹಾ ಕುಡಿಯುತ್ತೇವೆ. ಮೊದಲ ಗುಟುಕಿಗೆ ಯಾರೋ ತಿಳಿಸಾರು ಕೆಡಿಸಿದ್ದಾರೆ ಅನ್ನಿಸಿತ್ತು. ಈಗ ಅದಿಲ್ಲದೆ ಬೆಳಗಾಗುವುದಿಲ್ಲ.

ಆ ಎತ್ತರದಲ್ಲಿ ನಿದ್ದೆ ತೆಳು. ಕನಸು ಬೀಳುತ್ತಿದ್ದದ್ದು ಕನ್ನಡದಲ್ಲಿ. ಎದ್ದ ಮೇಲೆ ಅದನ್ನು ಹೇಳಿಕೊಳ್ಳಲು ಕನ್ನಡದವರು ಯಾರೂ ಇರಲಿಲ್ಲ. ಹಾಗಾಗಿ ನನ್ನ ಹರಕುಮುರುಕು ಹಿಂದಿಯಲ್ಲಿ ಡೋಲ್ಮಾಗೆ ಹೇಳುತ್ತಿದ್ದೆ. ಅವಳು ಗಂಭೀರವಾಗಿ ಕೇಳಿ, ಕೊನೆಗೆ "ಜುಲೇ" ಅನ್ನುತ್ತಿದ್ದಳು. ಇಲ್ಲಿಯವರಿಗೆ ನಮಸ್ಕಾರಕ್ಕೂ, ಧನ್ಯವಾದಕ್ಕೂ, ಹೋಗಿಬರುತ್ತೇನೆ ಅನ್ನುವುದಕ್ಕೂ ಅದೊಂದೇ ಮಾತು.

ಹಿಮ ಕರಗಿ ದಾರಿ ತೆರೆದ ಮೇಲೆ ಇಬ್ಬರೂ ಲೇಹ್ ಪೇಟೆಗೆ ಹೋದೆವು. ನಾನು ದಪ್ಪಗೆ, ಮೆತ್ತಗೆ ಇದ್ದುದಕ್ಕೆ ಕೈ ಹಾಕಿದರೆ ಡೋಲ್ಮಾ ಕಿತ್ತು ಪಕ್ಕಕ್ಕಿಟ್ಟಳು. ಅವಳು ಆರಿಸಿದ್ದು ತೆಳ್ಳನೆಯ ಕುರಿ ಉಣ್ಣೆಯ ಒಳಅಂಗಿ, ಬೆವರನ್ನು ಮೈಮೇಲೆ ನಿಲ್ಲಗೊಡದಂಥದ್ದು. ಅದರ ಮೇಲೆ ಬಿಸಿ ಹಿಡಿದಿಡುವ ನಡುವಂಗಿ, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ಜಾಕೆಟ್ಟು. ಈ ಮೇಲಿನ ಎರಡನ್ನೂ ಇಲಾಖೆಯೇ ಮೊದಲೇ ಕೊಟ್ಟಿತ್ತು. ತೊಂದರೆಯಿದ್ದದ್ದು ನಡುವಂಗಿಯಲ್ಲಿ, ಅದರ ಅಳತೆ ಗಂಡಸರದು. ಮೂರನ್ನೂ ಹೊತ್ತುಕೊಂಡೇ ರಜೆಗೆ ಮೈಸೂರಿಗೆ ಬಂದೆ.

ನನ್ನ ಅಮ್ಮ ಜಯಮ್ಮ ಟೈಲರು. ಇಲವಾಲದ ಕಡೆಯ ಬೇಸಾಯದ ಮನೆಯಿಂದ ಬಂದು, ಒಂಟಿಕೊಪ್ಪಲಿನ ನಮ್ಮ ಮನೆಯ ಮುಂಭಾಗದ ಕೋಣೆಯಲ್ಲೇ ಅಂಗಡಿ ಇಟ್ಟವಳು. ಸುಡುಬಿಸಿಲ ಮಧ್ಯಾಹ್ನ ನನಗೆ ಮೂರನ್ನೂ ತೊಡಿಸಿ ಫ್ಯಾನಿನ ಕೆಳಗೆ ನಿಲ್ಲಿಸಿದಳು. ರವಿಕೆ ಒಯ್ಯಲು ಬಂದ ಪಕ್ಕದ ಮನೆಯವರು, "ಏನ್ರೀ ಜಯಮ್ಮ, ಮಗಳಿಗೆ ಚಳಿಜ್ವರಾನಾ?" ಅಂದರು.

ಅಮ್ಮ ನಗಲಿಲ್ಲ. ನನ್ನ ಸೊಂಟದ ಬಳಿ ಕೈ ತೂರಿಸಿ ನೋಡಿದಳು. "ಇದೇನ್ ಮಗಾ, ನನ್ ಕೈಯೆಲ್ಲ ಒಳೀಕ್ ಹೋಯ್ತದೆ."

"ಅಲ್ಲೇ ಕಣಮ್ಮ ಗಾಳಿ ನುಗ್ಗೋದು. ಒಳಗಿನ ಬಿಸಿ ಎಲ್ಲ ಕತ್ತಿನ ಕಡೆಯಿಂದ ಹೊರಟೋಗುತ್ತೆ."

"ಮೇಲಿನ್ ಜಾಕೆಟ್ಟೂವೆ ಹಿಡಿದ್ಬುಡ್ಲಾ?"

"ಬೇಡ, ಅದಕ್ಕೆ ಸೂಜಿ ತಾಕಿಸ್ಬಾರ್ದು, ತೂತಾಗುತ್ತೆ. ನಡುವಿಂದು ಮಾತ್ರ ಹಿಡಿ. ತೀರಾ ಬಿಗಿ ಮಾಡ್ಬೇಡ, ಒಳಗೆ ಒಂಚೂರು ಗಾಳಿ ನಿಂತಿರ್ಬೇಕು."

"ನುಗ್ಗೋ ಗಾಳಿ ಬ್ಯಾಡ, ನಿಂತಿರೋ ಗಾಳಿ ಬೇಕು. ಎಂಥಾ ಊರವ್ವ ಅದು!" ಚಾಕ್‌ಪೀಸಿನಿಂದ ಗುರುತು ಹಾಕುತ್ತಿದ್ದ ಅವಳ ಕೈ ಚಳಿಗೆ ಒಡೆದ ನನ್ನ ಕೆನ್ನೆಯ ಮೇಲೆ ಬಂದು ನಿಂತಿತು. "ವರ್ಗ ಕೇಳ್ಕೊಂಡು ಈ ಕಡೀಕ್ ಬಂದ್ಬುಡು ಮಗಾ."

"ಒಂದ್ಸಲ ಆ ದಿಣ್ಣೆ ದಾಟ್ತೀನಮ್ಮ. ಈಗ್ಲೇ ಬಂದ್ರೆ ಓಡಿ ಬಂದಂಗಾಗುತ್ತೆ."

ಅಮ್ಮ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಓವರ್‌ಲಾಕ್ ಮಷೀನು ಶುರುವಾಯಿತು.

ಆ ರಜೆಯಲ್ಲಿ ನನಗೆ ಹಾಸಿಗೆ ಹಿಡಿಸಲಿಲ್ಲ, ಬರಿಯ ನೆಲದ ಮೇಲೆ ಹೊರಳಾಡಿದೆ. ನನ್ನ ಮೈ ನನಗೂ ಹೇಳದೆ ಊರು ಬದಲಿಸಿತ್ತು.

ಮುಂದಿನ ಚಳಿಗಾಲ ಅದೇ ಗಸ್ತು. ನಡುಗುತ್ತಲೇ ಹೊರಟೆ. ಏರು ಬಂದಾಗ ನಡುವಂಗಿ ಕಳಚಿ ಚೀಲಕ್ಕೆ ಹಾಕಿದೆ, ದಿಣ್ಣೆಯ ನೆತ್ತಿ ತಲುಪಿದಾಗ ಮತ್ತೆ ತೊಟ್ಟೆ. ಡೋಲ್ಮಾ ನನ್ನ ಕಾಲರಿನೊಳಗೆ ಬೆರಳು ತೂರಿಸಿ, "ಸೂಖಾ!" ಅಂದಳು. ಒಣಗಿದೆ! ಇಬ್ಬರೂ ಹುಡುಗಿಯರಂತೆ ನಕ್ಕೆವು. ದಿಣ್ಣೆಯಾಚೆ ಹೆಪ್ಪುಗಟ್ಟಿದ ಕೆರೆಯೊಂದು ನಸುನೀಲಿಯಾಗಿ ಮಲಗಿತ್ತು. ಹಿಮ ಬೀಳುತ್ತಿತ್ತು, ಎಷ್ಟು ಮೆಲ್ಲಗೆಂದರೆ ನಾವೇ ಮೇಲೇರುತ್ತಿರುವಂತೆ ಅನ್ನಿಸುತ್ತಿತ್ತು. ಈ ಸಲ ಅಲ್ಲಿ ಚಾಮುಂಡಿ ಬೆಟ್ಟ ಕಾಣಿಸಲಿಲ್ಲ. ಅದಕ್ಕೆ ನೆಮ್ಮದಿಯಾಯಿತು, ಸ್ವಲ್ಪ ಬೇಸರವೂ ಆಯಿತು.

ಚೌಕಿಗೆ ಮರಳಿ, ಬೂಟು ಬಿಚ್ಚುವುದಕ್ಕೂ ಮೊದಲು ಅಮ್ಮನಿಗೆ ಫೋನು ಮಾಡಿದೆ.

"ಮನೆಗೆ ಬಂದ್ಬುಟ್ಟೆ ಕಣಮ್ಮ, ಈಗ ತಾನೇ."

ಆ ಕಡೆ ಮಷೀನು ನಿಂತಿತು. ಸ್ಟೂಲು ಸರಿದ ಸದ್ದು. "ಬಂದ್ಬುಟ್ಯಾ? ಎಲ್ಲಿದ್ದೀಯ ಮಗಾ, ಗೇಟ್ ತಾವ್ಲಾ?"

"ಇಲ್ಲಮ್ಮ. ಇಲ್ಲಿ... ಇಲ್ಲಿನ ಮನೆಗೆ."

ಅಮ್ಮ ಬಾಗಿಲವರೆಗೆ ಹೋಗಿದ್ದಳೇನೋ, ಬೀದಿಯ ಆಟೋ ಸದ್ದು ನನಗೂ ಕೇಳಿಸಿತು.

"ಓ, ಆ ಮನೆಗಾ," ಅಂದಳು. ಸ್ಟೂಲು ಮತ್ತೆ ಸರಿದ ಸದ್ದು. "ಸರಿ ಬುಡು. ಬಾಗ್ಲಾಕ್ಕೊ ಮಗಾ, ಗಾಳಿ ಬತ್ತದೆ."