ಟೈಪಿಂಗ್ ಟೀಚರ್ ಮತ್ತು ಐದು ವೈರಸ್ಸುಗಳು

ನಾಯ್ಮಾರ್ಮೂಲೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಎರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ, ಯಾವುದೋ ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

"ನೀನು ಈಗಲೂ ಟೈಪಿಂಗೇ ಮಾಡುದಂತೆ, ಹೌದಾ?" ಎಂದು ಒಂದು ಹೆಂಗಸಿನ ದನಿ ಕೇಳಿತು.

ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತಿದ್ದ ನಾನು ನನಗೇ ತಿಳಿಯದಂತೆ ನೆಟ್ಟಗೆ ಕೂತೆ. ಎರಡೂ ಪಾದಗಳು ನೆಲಕ್ಕೆ ಊರಿಕೊಂಡವು.

"ಟೀಚರ್!" ಎಂದೆ.

"ನಾನೇ. ನಿನ್ನ ನಂಬರು ಹುಡುಕಲಿಕ್ಕೆ ಎರಡು ದಿನ ಬೇಕಾಯ್ತು. ನನ್ನ ಕಂಪ್ಯೂಟರಿಗೆ ವೈರಸ್ ಬಂದಿದೆ ಮಾರಾಯ್ತಿ. ಒಂದಲ್ಲ, ಐದು ಉಂಟು." ಆಮೇಲೆ ದನಿ ತಗ್ಗಿಸಿ, "ನೀನು ಒಮ್ಮೆ ಬರ್ತೀಯಾ? ಬೇರೆ ಯಾರ ಹತ್ರವೂ ಹೇಳುವ ಹಾಗಿಲ್ಲ" ಎಂದರು.

ಟೀಚರು ಯಾರ ಬಳಿಯಾದರೂ ಸಹಾಯ ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮೂವತ್ತು ವರ್ಷಗಳಿಗೂ ಹಿಂದೆ, ಕಾಸರಗೋಡಿನ ಹಳೆಯ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಟೀಚರು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಮರದ ಏಣಿಮೆಟ್ಟಿಲು. ಮೇಲೆ ಉದ್ದನೆಯ ಒಂದೇ ಕೋಣೆ, ಎರಡು ಸಾಲು ಮೆಷಿನುಗಳು. ಇಂಗ್ಲಿಷಿನವು ಹೆಚ್ಚು, ಮಲಯಾಳದವು ನಾಲ್ಕು, ಕನ್ನಡದವು ಮೂರು. ಒಂದು ಗಂಟೆಯ ಕ್ಲಾಸು ಮುಗಿಸಿ ಇಳಿಯುವಾಗ ಬೆರಳಿನಲ್ಲಿ ರಿಬ್ಬನ್ನಿನ ಮಸಿ, ಮೂಗಿನಲ್ಲಿ ಕೆಳಗಿನ ಬನ್ನಿನ ವಾಸನೆ. ಆ ಕೋಣೆಯಲ್ಲಿ ತುಳು ಮನೆಯ ನಾನು, ಬ್ಯಾರಿ ಹುಡುಗಿಯರು, ಕೊಂಕಣಿಯವರು, ತೆಂಕಿನಿಂದ ಬಂದ ಮಲಯಾಳದವರು ಎಲ್ಲರೂ ಇದ್ದೆವು. ಬಾಯಿ ತೆರೆದರೆ ನಾಲ್ಕು ಭಾಷೆ. ಆದರೆ ಮೆಷಿನು ಹೊಡೆಯಲು ಶುರು ಮಾಡಿದರೆ ಎಲ್ಲರದ್ದೂ ಒಂದೇ ಸದ್ದು. ಸಾಲಿನ ಕೊನೆಗೆ ಗಂಟೆ ಹೊಡೆಯುತ್ತಿತ್ತಲ್ಲ, ಆ ಟಿಣ್ ಎಂಬ ಸದ್ದು ಈಗಿನ ಯಾವ ಮೆಷಿನಿನಲ್ಲೂ ಇಲ್ಲ. ಕೆಲವು ಸಲ ಅಂಗಡಿಯಲ್ಲಿ ಒಬ್ಬಳೇ ಇರುವಾಗ ಸಾಲು ಮುಗಿದಲ್ಲಿ ಅದಕ್ಕಾಗಿ ಕಿವಿ ಕಾಯುತ್ತದೆ.

ನನ್ನ ಎಡಗೈಯ ಕಿರುಬೆರಳು ಮೋಟು. ಏಳನೆಯ ವಯಸ್ಸಿನಲ್ಲಿ ತರಕಾರಿ ಹೆಚ್ಚುವ ಮೆಟ್ಟುಕತ್ತಿಗೆ ಸಿಕ್ಕಿ ತುದಿ ಹೋಗಿತ್ತು. ಇನ್‌ಸ್ಟಿಟ್ಯೂಟಿಗೆ ಸೇರಿದ ಮೊದಲ ವಾರವೇ ಗೊತ್ತಾಯಿತು, ಆ ಬೆರಳು ಹೊಡೆಯಬೇಕಾದ ಅಕ್ಷರಗಳು ನನಗೆ ಎಟಕುವುದಿಲ್ಲ. ಅಕ್ಷರಗಳು ಅರ್ಧಂಬರ್ಧ ಮೂಡುತ್ತಿದ್ದವು. ಎಂಟನೆಯ ದಿನ, ಇನ್ನು ಬರುವುದಿಲ್ಲ ಎಂದು ಹೇಳಲು ಟೀಚರ ಮೇಜಿನ ಮುಂದೆ ನಿಂತೆ. ಅವರು ನನ್ನ ಕೈ ಹಿಡಿದು ಆ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಾಗದ ತೆಗೆದು, ಯಾವ ಕೀಲಿಗೆ ಯಾವ ಬೆರಳು ಎಂದು ನನಗೊಬ್ಬಳಿಗೇ ಬೇರೆ ನಕ್ಷೆ ಬರೆದರು. ಕಿರುಬೆರಳಿನ ಕೆಲಸವನ್ನೆಲ್ಲ ಪಕ್ಕದ ಬೆರಳಿಗೆ ಹಂಚಿದ್ದರು.

"ಪರೀಕ್ಷೆಯಲ್ಲಿ ಕಂಡರೆ?" ಎಂದೆ ನಾನು.

"ಯಾವ ಬೆರಳಲ್ಲಿ ಹೊಡೆದದ್ದು ಅಂತ ಕಾಗದ ಹೇಳುದಿಲ್ಲ. ಹೋಗಿ ಕೂತ್ಕೊ."

ಟೈಪಿಂಗಿನ ಲೋವರ್ ಪರೀಕ್ಷೆ ಪಾಸಾದೆ, ಹೈಯರ್ ಪಾಸಾದೆ. ಇವತ್ತು ನನ್ನ ಅಂಗಡಿ ನಡೆಯುತ್ತಿರುವುದು ಆ ನಕ್ಷೆಯಿಂದ. ಕಂಪ್ಯೂಟರು ಬಂದ ಮೇಲೆ ಇನ್‌ಸ್ಟಿಟ್ಯೂಟಿಗೆ ಮಕ್ಕಳು ಕಡಿಮೆಯಾಗಿ, ಟೀಚರು ಅದನ್ನು ಮುಚ್ಚಿ ಊರಿಗೆ ಹೋದರೆಂದು ಕೇಳಿದ್ದೆ. ಹೋಗಿ ನೋಡಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅಂದುಕೊಳ್ಳುವುದರಲ್ಲೇ ವರ್ಷಗಳು ಹೋದವು.

ಮರುದಿನವೇ ಅಂಗಡಿ ಮುಚ್ಚಿ ಕಾಸರಗೋಡಿಗೆ ಹೋಗಿ, ಅಲ್ಲಿಂದ ಸೀತಾಂಗೋಳಿಯ ಬಸ್ಸು ಹತ್ತಿದೆ. ಜಂಕ್ಷನ್ನಿನಲ್ಲಿ ಇಳಿದು ಆಟೋದಲ್ಲಿ ಹತ್ತು ನಿಮಿಷ. ಟೀಚರು ಮದುವೆಯಾದವರಲ್ಲ, ನರ್ಸಾಗಿ ನಿವೃತ್ತರಾದ ತಂಗಿಯ ಜೊತೆ ಇದ್ದರು. ಬಾಗಿಲು ತೆರೆದದ್ದು ತಂಗಿ.

"ನೀನಾ ಕಂಪ್ಯೂಟರಿನ ಡಾಕ್ಟರು? ಒಳಗೆ ಹೋಗು, ರೋಗಿಯನ್ನು ಬಟ್ಟೆ ಮುಚ್ಚಿ ಇಟ್ಟಿದ್ದಾಳೆ" ಎಂದು ನಕ್ಕರು.

"ಸುಮ್ಮನಿರು ನೀನು" ಎಂದು ಒಳಗಿನಿಂದ ಟೀಚರ ದನಿ ಬಂತು.

ಟೀಚರಿಗೆ ಎಪ್ಪತ್ತು ದಾಟಿತ್ತು. ಕೂದಲು ಪೂರ್ತಿ ಬಿಳಿ, ಕನ್ನಡಕ ದಪ್ಪ. ಮೊದಲು ನನ್ನ ಎಡಗೈ ಹಿಡಿದು ನೋಡಿ, ಆಮೇಲೆ ಮುಖ ನೋಡಿದರು. ಕಿಟಕಿಯ ಬದಿಯ ಮೇಜಿನಲ್ಲಿ ಕಂಪ್ಯೂಟರಿಗೆ ಹಳೆಯ ಟೈಪ್‌ರೈಟರಿನ ಹೊದಿಕೆಯನ್ನೇ ಹೊದಿಸಿದ್ದರು. ಎರಡು ತಿಂಗಳಿಂದ ಅದನ್ನು ತೆಗೆದಿರಲಿಲ್ಲವಂತೆ.

ಚಾ ಕುಡಿಯುತ್ತಾ ಅವರು ಆದದ್ದನ್ನೆಲ್ಲ ಹೇಳಿದರು.

ಟೀಚರದ್ದು ಕೊಂಕಣಿ ಕ್ರೈಸ್ತರ ಮನೆ. ಅಂತಹ ಮನೆಗಳಲ್ಲಿ ಮದುವೆಯ ಮುನ್ನಾದಿನ ರೋಸ್ ಎಂಬ ಶಾಸ್ತ್ರ ಉಂಟು. ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವುದು. ಆಗ ಹೆಂಗಸರು ಸುತ್ತ ನಿಂತು ವೊವಿಯೊ ಎಂಬ ಮದುವೆಯ ಹಾಡುಗಳನ್ನು ಹಾಡುತ್ತಾರೆ. ಟೀಚರ ತಾಯಿ ಆ ಕಡೆಯಲ್ಲೆಲ್ಲ ಹಾಡಿಗೆ ಹೆಸರಾದವರು. ಅವರು ಹೋದ ಮೇಲೆ ಹಾಡುಗಳೂ ಒಂದೊಂದೇ ಮರೆಯಾಗತೊಡಗಿದವು. ಈಗಿನ ರೋಸಿನಲ್ಲಿ ಸ್ಪೀಕರ್ ಹಾಕಿ ಕುಣಿಯುವುದೇ ಹೆಚ್ಚು. ಟೀಚರು ಎರಡು ವರ್ಷ ಕೂತು ತಾಯಿಯ ನೋಟ್‌ಬುಕ್ಕಿನಿಂದ, ಸುತ್ತಲಿನ ಮುದುಕಿಯರ ಬಾಯಿಂದ ಹಾಡುಗಳನ್ನು ಒಟ್ಟು ಮಾಡಿ, ಕನ್ನಡ ಲಿಪಿಯಲ್ಲಿ ಟೈಪ್ ಮಾಡಿದ್ದರು. ಐವತ್ತೆಂಟು ಹಾಡು. ತಮ್ಮನ ಮಗಳ ಮದುವೆಗೆ ಪುಸ್ತಕ ಮಾಡಿ ಹಂಚುವುದೆಂದು ಆಸೆ.

"ಒಂದು ಹಾಡಿನ ನಡುವಿನ ನಾಲ್ಕು ಗೆರೆ ಯಾರಿಗೂ ನೆನಪಿಲ್ಲ. ಇಂಟರ್‌ನೆಟ್ಟಲ್ಲಿ ಇರಬಹುದಾ ಅಂತ ಹುಡುಕಿದೆ. ಒಂದು ಕಡೆ ಉಂಟು ಅಂತ ತೋರಿಸಿತು. ಅಲ್ಲಿ ಹೋದರೆ ಒಂದು ಪೆಟ್ಟಿಗೆ ಬಂತು. ನೀವು ರೋಬೋಟ್ ಅಲ್ಲದಿದ್ದರೆ ಅಲೌ ಒತ್ತಿ ಅಂತ. ನಾನು ರೋಬೋಟ್ ಅಲ್ಲ ಅಲ್ವಾ? ಒತ್ತಿದೆ."

"ಹಾಡು ಸಿಕ್ಕಿತಾ?"

"ಎಂತ ಹಾಡು! ಮತ್ತೆ ಒಂದು ಪೆಟ್ಟಿಗೆ. ಹಾಡು ಇಳಿಸಲಿಕ್ಕೆ ಇದನ್ನು ಹಾಕಿ ಅಂತ. ಅದನ್ನೂ ಹಾಕಿದೆ."

ಮರುದಿನದಿಂದ ಪರದೆಯ ಬಲಮೂಲೆಯಲ್ಲಿ ಸೂಚನೆಗಳು ಏಳತೊಡಗಿದವು. ಕೆಂಪು ಗುರುತು ಹಾಕಿ, 'ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಇವೆ', 'ಇವತ್ತೇ ಸರಿಪಡಿಸದಿದ್ದರೆ ಫೈಲುಗಳು ಅಳಿಸಿಹೋಗುತ್ತವೆ' ಎಂದು ಇಂಗ್ಲಿಷಿನಲ್ಲಿ. ಒಂದನ್ನು ಮುಚ್ಚಿದರೆ ಇನ್ನೊಂದು. ಏನು ಹುಡುಕಿದರೂ ಯಾವುದೋ ಗುರುತಿಲ್ಲದ ಪುಟಕ್ಕೆ ಹೋಗಿ ನಿಲ್ಲುತ್ತಿತ್ತು. ಒಂದು ದಿನ ಪರದೆ ತುಂಬ ಎಚ್ಚರಿಕೆ ಬಂದು, ಈ ನಂಬರಿಗೆ ಕೂಡಲೇ ಫೋನ್ ಮಾಡಿ ಎಂದಿತು. ಟೀಚರು ಮಾಡಿದರು.

"ಒಬ್ಬ ಮಾತಾಡಿದ. ಬಹಳ ಮರ್ಯಾದೆಯಲ್ಲಿ ಮ್ಯಾಡಂ ಮ್ಯಾಡಂ ಅಂತ. ನಿಮ್ಮ ಕಂಪ್ಯೂಟರನ್ನು ನಾನು ಇಲ್ಲಿಂದಲೇ ನೋಡ್ತೇನೆ, ನಾನು ಹೇಳಿದ್ದನ್ನು ಇನ್‌ಸ್ಟಾಲ್ ಮಾಡಿ ಅಂದ. ಆಗ ನಾನು ಹೇಳಿದೆ, ಅದು ಮತ್ತೆ ಮಾಡುವಾ, ಮೊದಲು ನಿಮ್ಮ ನೋಟೀಸಲ್ಲಿ ಮೂರು ಸ್ಪೆಲ್ಲಿಂಗ್ ತಪ್ಪು ಉಂಟು, ಬರೆದುಕೊಳ್ಳಿ ಅಂತ. ಇಷ್ಟು ದೊಡ್ಡ ಕಂಪೆನಿ ಹೀಗೆ ಬರೆದು ಕಳಿಸುದಾ? ಎರಡನೇ ತಪ್ಪು ಹೇಳುವಾಗ ಅವನು ಫೋನ್ ಇಟ್ಟ."

ತಂಗಿ ಬಾಗಿಲಲ್ಲಿ ನಿಂತು ನಕ್ಕರು. ನಾನೂ ನಕ್ಕೆ. ಟೀಚರು ನಗಲಿಲ್ಲ. ಚಾದ ಲೋಟವನ್ನು ಮೇಜಿನ ಮೇಲಿಟ್ಟು, ಅದರ ಅಂಚನ್ನು ಬೆರಳಿನಿಂದ ಸವರಿದರು. ಹೇಳುವುದು ಇನ್ನೂ ಉಂಟೆಂದು ಗೊತ್ತಾಯಿತು.

ಇಗರ್ಜಿಯ ಫಾದರ್ ಹಾಡುಗಳ ಸುದ್ದಿ ಕೇಳಿ, ನೋಡಬೇಕೆಂದು ಒಂದು ಸಂಜೆ ಮನೆಗೆ ಬಂದಿದ್ದರಂತೆ. ಟೀಚರು ಸಂತೋಷದಿಂದ ಕಂಪ್ಯೂಟರ್ ತೆರೆದು ಮೊದಲ ಹಾಡು ತೋರಿಸಿದರು. ಅವರು ಕಣ್ಣಾಡಿಸುತ್ತಿರುವಾಗಲೇ ಮೂಲೆಯಲ್ಲಿ ಒಂದು ಚಿತ್ರ ಎದ್ದು ಬಂತು. ಎಂತಹ ಚಿತ್ರವೆಂದು ಟೀಚರು ಹೇಳಲಿಲ್ಲ. "ಬಟ್ಟೆ ಇಲ್ಲದ್ದು" ಎಂದಷ್ಟೇ ಹೇಳಿ ತಲೆ ತಗ್ಗಿಸಿದರು.

"ಫಾದರ್ ಎಂತ ಹೇಳಿದರು?"

"ಕಿಟಕಿಯ ಹೊರಗೆ ನೋಡಿ, ಈ ಸಲ ಗೇರು ಒಳ್ಳೆ ಹೂ ಬಿಟ್ಟಿದೆ ಅಲ್ವಾ ಟೀಚರ್ ಅಂದರು. ಚಾ ಕುಡಿಯದೆ ಹೋದರು."

ಆ ಮೇಲೆ ಇಗರ್ಜಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುವುದನ್ನು ಟೀಚರು ಬಿಟ್ಟಿದ್ದರು. ಎಷ್ಟೋ ವರ್ಷ ಊರಿನ ಹೆಣ್ಣುಮಕ್ಕಳನ್ನು ನೆಟ್ಟಗೆ ಕೂರಿಸಿದ ಹೆಂಗಸು ಹಿಂದಿನ ಬಾಗಿಲ ಬಳಿ ನಿಂತು, ಪೂಜೆ ಮುಗಿದ ಕೂಡಲೇ ಮನೆಗೆ ಬರುತ್ತಿದ್ದರು. ಹಾಡುಗಳು ವೈರಸ್ಸಿನ ಬಾಯಿಗೆ ಹೋಗಿವೆಯೆಂದೇ ಅವರ ಲೆಕ್ಕ. ತೆರೆದು ನೋಡಲು ಧೈರ್ಯವಿರಲಿಲ್ಲ.

"ಟೀಚರ್, ಇದು ವೈರಸ್ ಅಲ್ಲ" ಎಂದೆ. "ನಮ್ಮ ಮನೆಯ ಜಗಲಿಯಲ್ಲಿ ಬೋರ್ಡ್ ಹಾಕಲಿಕ್ಕೆ ಯಾರೋ ನಮ್ಮ ಹತ್ರವೇ ಒಪ್ಪಿಗೆ ತಕೊಂಡದ್ದು, ಅಷ್ಟೇ. ರೋಬೋಟ್ ಅಂತ ಹೇಳಿದ್ದೆಲ್ಲ ಸುಳ್ಳು. ನೀವು ಅಲೌ ಒತ್ತಿದ್ದು ಆ ಒಪ್ಪಿಗೆಗೆ. ಅದನ್ನು ವಾಪಸ್ ತಕೊಳ್ಳುವಾ. ನನ್ನ ಅಂಗಡಿಗೆ ವಾರಕ್ಕೆ ಇಬ್ಬರಾದರೂ ಇದನ್ನೇ ಹೇಳಿಕೊಂಡು ಬರ್ತಾರೆ."

"ಇಬ್ಬರಾ? ಓದಿದವರಾ?"

"ಮಾಸ್ಟ್ರುಗಳೂ ಬರ್ತಾರೆ, ಬ್ಯಾಂಕಿನವರೂ ಬರ್ತಾರೆ."

ಟೀಚರು ಎದ್ದು ಹೊದಿಕೆ ತೆಗೆದರು. ನಾನು ಮೌಸ್ ಹಿಡಿಯಲು ಹೋದರೆ ಕೈ ಸರಿಸಿದರು. "ನೀನು ಮುಟ್ಟಬೇಡ. ಹೇಳು, ನಾನು ಮಾಡ್ತೇನೆ. ಇಲ್ಲದಿದ್ದರೆ ನನಗೆ ಕಲಿತ ಹಾಗೆ ಆಗುದಿಲ್ಲ."

ಹಾಗೆ, ನಾನು ಪಕ್ಕದಲ್ಲಿ ನಿಂತು ಹೇಳುವುದು, ಅವರು ಕೂತು ಮಾಡುವುದು ಎಂದಾಯಿತು. ನನಗೆ ಅದು ಬಹಳ ವಿಚಿತ್ರವೆನಿಸಿತು. ಮೊದಲು ಇಂಟರ್‌ನೆಟ್ಟಿನ ತಂತಿ ಕಿತ್ತೆವು. ಬ್ರೌಸರಿನ ಸೆಟ್ಟಿಂಗ್ಸಿಗೆ ಹೋಗಿ, ನೋಟಿಫಿಕೇಶನ್ ಎಂಬಲ್ಲಿ ಒಪ್ಪಿಗೆ ಪಡೆದ ಜಾಲತಾಣಗಳ ಪಟ್ಟಿ ತೆರೆಸಿದೆ. ಏಳು ಹೆಸರುಗಳಿದ್ದವು. ಟೀಚರು ಹಾಜರಿ ಕರೆಯುವವರ ಹಾಗೆ ಒಂದೊಂದನ್ನೇ ಗಟ್ಟಿಯಾಗಿ ಓದಿ, "ಹೋಗು" ಎಂದು ಅಳಿಸಿದರು. ಇನ್ನು ಮುಂದೆ ಯಾವ ತಾಣವೂ ಸೂಚನೆ ಕಳಿಸಲು ಒಪ್ಪಿಗೆಯನ್ನೇ ಕೇಳದಂತೆ ಅಲ್ಲಿಯೇ ಗುರುತು ಹಾಕಿದರು. ಹಾಡು ಇಳಿಸಲು ಹಾಕಿಕೊಂಡದ್ದು ಎರಡು ಕಡೆ ಅಡಗಿ ಕೂತಿತ್ತು. ಬ್ರೌಸರಿನ ಎಕ್ಸ್‌ಟೆನ್ಶನ್‌ಗಳಲ್ಲಿ ಒಂದು, ಕಂಪ್ಯೂಟರಿನ ಪ್ರೋಗ್ರಾಂಗಳಲ್ಲಿ ಇನ್ನೊಂದು. ಎರಡನ್ನೂ ತೆಗೆಸಿದೆ. ಕೊನೆಗೆ ಕಂಪ್ಯೂಟರಿನಲ್ಲೇ ಇದ್ದ ಆ್ಯಂಟಿವೈರಸ್ಸಿನಿಂದ ಪೂರ್ತಿ ಪರೀಕ್ಷೆ ಮಾಡಿಸಿದೆವು. ಅದಕ್ಕೆ ಒಂದು ಗಂಟೆಯ ಮೇಲೆ ಹಿಡಿಯಿತು. ಅಷ್ಟರಲ್ಲಿ ತಂಗಿ ನಮಗೆ ಊಟ ಬಡಿಸಿದರು. ಟೀಚರು ಊಟದ ನಡುವೆ ಮೂರು ಸಲ ಎದ್ದು ಹೋಗಿ ನೋಡಿ ಬಂದರು.

ಯಾವ ವೈರಸ್ಸೂ ಸಿಗಲಿಲ್ಲ.

"ಈಗ ಹಾಡು ತೆಗೀರಿ" ಎಂದೆ.

ಅವರು ಫೈಲಿನ ಮೇಲೆ ಮೌಸಿನ ಬಾಣ ತಂದು ನಿಲ್ಲಿಸಿದರು. ಆಮೇಲೆ ಒತ್ತಿದರು. ಮೊದಲ ಹಾಡು, ಎರಡನೆಯದು, ಹತ್ತನೆಯದು. ಒಂದೂ ಹಾಳಾಗದೆ ಐವತ್ತೆಂಟೂ ಇದ್ದವು. ಟೀಚರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಅಡುಗೆಮನೆಯಿಂದ ಬಂದ ತಂಗಿ ಪರದೆಯ ಮೇಲಿನ ಒಂದು ಗೆರೆಯನ್ನು ಓದಿ, ಹಾಗೆಯೇ ರಾಗ ಎಳೆದರು. ಟೀಚರು ದನಿ ಸೇರಿಸಿದರು. ನನಗೆ ಕೊಂಕಣಿ ಅಷ್ಟಾಗಿ ಬರುವುದಿಲ್ಲ. ಆದರೂ ಆ ಇಬ್ಬರು ಮುದುಕಿಯರು ಕಂಪ್ಯೂಟರಿನ ಮುಂದೆ ನಿಂತು ತಮ್ಮ ತಾಯಿಯ ಹಾಡು ಹಾಡಿದ್ದು ನನ್ನ ಕಣ್ಣ ಮುಂದೆ ಹಾಗೆಯೇ ಉಂಟು.

ಹಾಡುಗಳ ಪ್ರತಿಯನ್ನು ಎರಡು ಪೆನ್‌ಡ್ರೈವಿಗೆ ಹಾಕಿ ಒಂದನ್ನು ನಾನು ತಂದೆ.

ಆ ಭಾನುವಾರ ಮಧ್ಯಾಹ್ನ ಟೀಚರ ಫೋನ್. ಪೂಜೆಯಾದ ಮೇಲೆ ಫಾದರ್ ಹೊರಗೆ ಬರುವವರೆಗೆ ಕಾದು ನಿಂತು, ಅಂದು ಆದದ್ದೇನೆಂದು ಮೊದಲಿನಿಂದ ಕೊನೆಯವರೆಗೆ ಅವರಿಗೆ ವಿವರಿಸಿದ್ದರಂತೆ.

"ಅವರು ಎಂತ ಹೇಳಿದರು ಗೊತ್ತುಂಟಾ? ನನ್ನ ಫೋನಿನಲ್ಲಿಯೂ ಅದೇ ಬರ್ತದೆ ಟೀಚರ್, ಯಾರ ಹತ್ರ ಕೇಳುದು ಅಂತ ನಾಚಿಕೆಯಾಗಿ ಸುಮ್ಮನಿದ್ದೆ ಅಂತ! ನಮ್ಮಲ್ಲಿ ನೋಡಿದ ದಿನ, ತನ್ನ ಫೋನಿನ ವಿಷಯವೂ ಎಲ್ಲಿಯಾದರೂ ಗೊತ್ತಾಗ್ತದಾ ಅಂತ ಹೆದರಿ ಎದ್ದು ಹೋದದ್ದಂತೆ ಮಾರಾಯ್ತಿ!"

"ಮತ್ತೆ?"

"ಮತ್ತೆಂತ, ಅಲ್ಲಿಯೇ ಜಗಲಿಯಲ್ಲಿ ಕೂರಿಸಿ ಆ ಒಪ್ಪಿಗೆಗಳನ್ನೆಲ್ಲ ತೆಗೆಸಿದೆ. ಅವರಿಗೆ ಹನ್ನೊಂದು ಇತ್ತು. ನನಗಿಂತ ನಾಲ್ಕು ಹೆಚ್ಚು."

ಆ ದಿನ ಟೀಚರು ಫೋನಿನಲ್ಲಿ ನಕ್ಕಷ್ಟು ಇನ್‌ಸ್ಟಿಟ್ಯೂಟಿನ ಎರಡು ವರ್ಷದಲ್ಲೂ ನಕ್ಕದ್ದು ನಾನು ಕೇಳಿಲ್ಲ. ಸಿಗದೆ ಹೋದ ಆ ನಾಲ್ಕು ಗೆರೆಗಳಿಗೆ ಪುಸ್ತಕದಲ್ಲಿ ಜಾಗ ಖಾಲಿ ಬಿಟ್ಟರು. ಪುಸ್ತಕವನ್ನು ನನ್ನ ಅಂಗಡಿಯಲ್ಲಿಯೇ ಪ್ರಿಂಟ್ ಮಾಡಿದೆವು. ಪ್ರೂಫನ್ನು ಮೂರು ಸಲ ವಾಪಸ್ ಕಳಿಸಿದರು.

ರೋಸಿನ ಸಂಜೆ ನನಗೂ ಕರೆ ಇತ್ತು. ಚಪ್ಪರದ ಅಡಿಯಲ್ಲಿ ಮದುಮಗಳು ಮಣೆಯ ಮೇಲೆ ಕೂತಿದ್ದಳು. ಸುತ್ತ ಹೆಂಗಸರು, ಎಲ್ಲರ ಕೈಯಲ್ಲೂ ಪುಸ್ತಕ. ಹಾಡು ಆ ಖಾಲಿ ಜಾಗಕ್ಕೆ ಬಂದಾಗ ಎಲ್ಲರೂ ನಿಲ್ಲಿಸಿದರು. ಆಗ ಹಿಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ, ಕಣ್ಣು ಸರಿ ಕಾಣದ, ದೂರದ ಊರಿನಿಂದ ಮದುವೆಗೆ ಬಂದ ಒಬ್ಬ ಅಜ್ಜಿ, ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ನಡುಗುವ ದನಿಯಲ್ಲಿ ಒಬ್ಬರೇ ಮುಂದುವರಿಸಿದರು. ಒಂದು ಗೆರೆ, ಎರಡು, ನಾಲ್ಕು. ಟೀಚರು ಗುಂಪನ್ನು ಸರಿಸಿಕೊಂಡು ಅವರ ಬಳಿಗೆ ಹೋಗಿ ನೆಲದಲ್ಲೇ ಕೂತು, ನನ್ನ ಕಡೆ ಕೈ ಚಾಚಿ ಪೆನ್ನು ಕೇಳಿದರು.